ಒಂದು ಕೋರ್, ಎರಡು ಎಳೆ: ಚೆನ್ನೈನ ದಾಖಲೆಗಳಲ್ಲೊಂದು ಹುಡುಕಾಟ

ಜಗತ್ತಿನ ಅತಿ ವೇಗದ ಐನೂರು ಕಂಪ್ಯೂಟರ್‌ಗಳ ಪಟ್ಟಿಗೆ ಟಾಪ್500 ಎಂದು ಹೆಸರು. ಅದರ 2004ರ ಜೂನ್ ಆವೃತ್ತಿಯಲ್ಲಿ ಚೆನ್ನೈನ ಯಂತ್ರವೊಂದರ ಸಾಲಿದೆ. ಯಂತ್ರದ ಹೆಸರು ಕಬ್ರು. ಕಾಂಚನಜುಂಗಾದ ಆಸುಪಾಸಿನ ಒಂದು ಶಿಖರದ ಹೆಸರನ್ನು ಇಟ್ಟಿದ್ದಾರೆ. ಅದು ಇದ್ದದ್ದು ತರಮಣಿಯ ಗಣಿತ ವಿಜ್ಞಾನಗಳ ಸಂಸ್ಥೆಯಲ್ಲಿ. 1962ರಲ್ಲಿ ಅಲ್ಲಾಡಿ ರಾಮಕೃಷ್ಣನ್ ಸ್ಥಾಪಿಸಿದ ಈ ಸಂಸ್ಥೆಯನ್ನು ಬಲ್ಲವರು ಇಂದಿಗೂ ಮ್ಯಾಟ್‌ಸೈನ್ಸ್ ಎನ್ನುತ್ತಾರೆ. ಪಟ್ಟಿಯ ಸಾಲು ಹೇಳುವುದು ಇಷ್ಟು: 2.4 ಗಿಗಾಹರ್ಟ್ಸ್‌ನ ಇಂಟೆಲ್ ಝಿಯಾನ್ ಪ್ರೊಸೆಸರ್‌ಗಳು 288. ಗರಿಷ್ಠ ಸಾಮರ್ಥ್ಯ 1382.4 ಗಿಗಾಫ್ಲಾಪ್ಸ್ (ಒಂದು ಗಿಗಾಫ್ಲಾಪ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಲೆಕ್ಕ), ಲಿನ್‌ಪ್ಯಾಕ್ ಪರೀಕ್ಷೆಯಲ್ಲಿ ನಿಜವಾಗಿ ದಕ್ಕಿದ್ದು 959.

ನನ್ನ ಕಣ್ಣು ನಿಂತದ್ದು ಕೊನೆಯ ಎರಡು ಅಂಕಿಗಳ ಮೇಲೆ. 959ನ್ನು 1382.4ರಿಂದ ಭಾಗಿಸಿದರೆ ಶೇಕಡಾ 69.4 ಬರುತ್ತದೆ. ಉಳಿದ ಶೇ. 30.6 ಸಾಮರ್ಥ್ಯ ಯಂತ್ರದಲ್ಲಿ ಇತ್ತು, ಕೆಲಸಕ್ಕೆ ಬರಲಿಲ್ಲ. ಇದೇ ಝಿಯಾನ್ ಪೀಳಿಗೆಯಲ್ಲಿ ಇಂಟೆಲ್ 2002ರ ಆರಂಭದಲ್ಲಿ ಒಂದು ಹೊಸ ಸೌಲಭ್ಯ ತಂದಿತ್ತು: ಒಂದೇ ಪ್ರೊಸೆಸರ್ ತನ್ನನ್ನು ಎರಡು ಪ್ರೊಸೆಸರ್ ಎಂದು ತೋರಿಸಿಕೊಂಡು, ಎರಡು ಕೆಲಸದ ಎಳೆಗಳನ್ನು ಏಕಕಾಲಕ್ಕೆ ನಡೆಸುವುದು. ಶಾಸ್ತ್ರದ ಹೆಸರು ಸೈಮಲ್ಟೇನಿಯಸ್ ಮಲ್ಟಿಥ್ರೆಡಿಂಗ್, ಚಿಕ್ಕದಾಗಿ ಎಸ್‌ಎಂಟಿ; ಇಂಟೆಲ್ ಇಟ್ಟ ಮಾರಾಟದ ಹೆಸರು ಹೈಪರ್-ಥ್ರೆಡಿಂಗ್. ಕಂಪನಿಯ ಎಂಜಿನಿಯರ್‌ಗಳು ಬರೆದ ಪ್ರಬಂಧದ ಪ್ರಕಾರ ಚಿಪ್ಪಿನ ಗಾತ್ರ ಹೆಚ್ಚಿದ್ದು ಶೇ. 5ಕ್ಕಿಂತ ಕಡಿಮೆ, ಕೆಲಸ ಹೆಚ್ಚಿದ್ದು ಶೇ. 30ರವರೆಗೆ.

ಕಳೆದುಹೋದದ್ದು 30.6, ಸಿಗುತ್ತದೆ ಎಂದದ್ದು 30. ಇಷ್ಟು ಚೆನ್ನಾಗಿ ಹೊಂದುವ ಎರಡು ಅಂಕಿಗಳು ಎದುರಾದಾಗ ಸಂಶೋಧಕ ಮೊದಲು ಮಾಡಬೇಕಾದ್ದು ಅನುಮಾನ. ಆದರೂ ಪ್ರಶ್ನೆ ಬಿಡಲಿಲ್ಲ. ಭಾರೀ ವೈಜ್ಞಾನಿಕ ಲೆಕ್ಕಾಚಾರಕ್ಕೆ ಎಸ್‌ಎಂಟಿ ನಿಜವಾಗಿ ನೆರವಾಗುತ್ತದೆಯೇ? ನೆರವಾಗುತ್ತದೆ, ಇಲ್ಲ ಎಂಬ ಎರಡು ಮಾತನ್ನೂ ಅಷ್ಟೇ ವಿಶ್ವಾಸದಿಂದ ಹೇಳುವವರು ಈ ಊರಿನ ಕಂಪ್ಯೂಟರ್ ಕೋಣೆಗಳಲ್ಲಿ ಸಿಗುತ್ತಾರೆ. ಇಬ್ಬರ ಕೈಯಲ್ಲೂ ಪುರಾವೆ ಇರುತ್ತದೆ ಎಂಬುದೇ ತೊಡಕು.

ಕಡತಗಳಿಗೆ ಹೋಗುವ ಮೊದಲು ವಿಷಯ ಬಿಡಿಸಿಕೊಳ್ಳುವುದು ಒಳ್ಳೆಯದು. ಹೋಟೆಲಿನ ದೋಸೆ ಕಲ್ಲೊಂದನ್ನು ನೆನೆಯಿರಿ. ಹುಯ್ಯುವವನು ಒಬ್ಬ. ಒಳಗಿನಿಂದ ಹಿಟ್ಟಿನ ಪಾತ್ರೆ ಬರುವವರೆಗೆ ಅವನು ನಿಂತರೆ ಕಲ್ಲು ಬರಿದೇ ಕಾಯುತ್ತದೆ. ಬೇರೆ ಪಾತ್ರೆ ಹಿಡಿದ ಇನ್ನೊಬ್ಬ ಪಕ್ಕದಲ್ಲಿದ್ದರೆ ಆ ಬಿಡುವಿನಲ್ಲಿ ಅವನು ಹುಯ್ಯಬಹುದು. ಎಸ್‌ಎಂಟಿಯ ತತ್ವ ಇದೇ. ಆದರೆ ಕಲ್ಲಿನ ಮೇಲೆ ಮೊದಲೇ ಜಾಗವಿಲ್ಲದಿದ್ದರೆ ಎರಡನೆಯವನು ಬಂದು ಮೊಣಕೈ ತಾಗಿಸುವುದಷ್ಟೇ ಆದೀತು. ಇನ್ನು ಹಿಂದೆ ರುಬ್ಬುವ ಯಂತ್ರವೇ ನಿಧಾನವಾಗಿದ್ದರೆ, ಇಬ್ಬರಲ್ಲ ನಾಲ್ವರು ನಿಂತರೂ ದೋಸೆ ಹೆಚ್ಚುವುದಿಲ್ಲ. ಪ್ರೊಸೆಸರ್‌ನಲ್ಲಿ ಕಲ್ಲು ಎಂದರೆ ಲೆಕ್ಕ ಮಾಡುವ ಘಟಕಗಳು. ಹಿಟ್ಟು ಎಂದರೆ ಮೆಮೊರಿಯಿಂದ ಬರುವ ದತ್ತಾಂಶ.

ಮೊದಲು ಕಬ್ರುವಿನ ಅಂಕಿಗಳನ್ನೇ ಪರೀಕ್ಷಿಸಿದೆ. 1382.4 ಹೇಗೆ ಬಂತು? ಆ ಕಾಲದ ಝಿಯಾನ್ ಒಂದು ಗಡಿಯಾರ ಬಡಿತಕ್ಕೆ ಎರಡು ದಶಮಾಂಶ ಲೆಕ್ಕ ಮುಗಿಸಬಲ್ಲದು. 2.4ಕ್ಕೆ ಎರಡರಂತೆ 4.8, 288 ಪ್ರೊಸೆಸರ್‌ಗಳಿಗೆ 1382.4. ಲೆಕ್ಕ ಸರಿಯಾಗಿ ಕೂರುತ್ತದೆ. ಕಬ್ರುವಿನಲ್ಲಿ 144 ನೋಡ್‌ಗಳು, ಅಂದರೆ ಜಾಲದಿಂದ ಜೋಡಿಸಿದ ಬಿಡಿ ಕಂಪ್ಯೂಟರ್‌ಗಳು; ನೋಡ್‌ಗೆ ಎರಡು ಪ್ರೊಸೆಸರ್. ಹೈಪರ್-ಥ್ರೆಡಿಂಗ್ ಚಾಲೂ ಇದ್ದರೆ ಆಪರೇಟಿಂಗ್ ಸಿಸ್ಟಂಗೆ ಇದೇ ಯಂತ್ರ 576 ಪ್ರೊಸೆಸರ್‌ಗಳಾಗಿ ಕಾಣುತ್ತದೆ. ಹಾಗಿದ್ದರೆ 288 ಎಂಬ ಅಂಕಿ ಸೌಲಭ್ಯ ಬಂದ್ ಇತ್ತು ಎಂಬುದಕ್ಕೆ ಸಾಕ್ಷಿಯೇ? ಅಲ್ಲ. ಪಟ್ಟಿ ಎಣಿಸುವುದು ಭೌತಿಕ ಪ್ರೊಸೆಸರ್‌ಗಳನ್ನು. ಎಳೆಗಳಿಗೆ ಅದರಲ್ಲಿ ಅಂಕಣವೇ ಇಲ್ಲ. ಗರಿಷ್ಠ ಸಾಮರ್ಥ್ಯದ ಅಂಕಿಯೂ ಎಸ್‌ಎಂಟಿಯಿಂದ ಬದಲಾಗುವುದಿಲ್ಲ, ಏಕೆಂದರೆ ಲೆಕ್ಕದ ಘಟಕಗಳು ಎಷ್ಟಿದ್ದವೋ ಅಷ್ಟೇ ಇರುತ್ತವೆ. ಹೀಗೆ ಮೊದಲ ದಾಖಲೆ ಪ್ರಶ್ನೆಯನ್ನು ಎತ್ತಿಕೊಟ್ಟು ತಾನು ಮೌನವಾಯಿತು.

ಎರಡನೆಯ ದಾಖಲೆ ಇಂಟೆಲ್‌ನದು. 2002ರ ಫೆಬ್ರವರಿಯಲ್ಲಿ ಬಂದ ಇಂಟೆಲ್ ಟೆಕ್ನಾಲಜಿ ಜರ್ನಲ್‌ನಲ್ಲಿ ಡೆಬೊರಾ ಮಾರ್ ಮತ್ತು ಸಹೋದ್ಯೋಗಿಗಳ ಪ್ರಬಂಧ. ಶೇ. 30 ಎಂಬ ಅಂಕಿ ಅದರ ಉಪಸಂಹಾರದಲ್ಲಿದೆ, ಎಲ್ಲರೂ ಎತ್ತಿಕೊಳ್ಳುವುದು ಅದನ್ನೇ. ಒಳಗೆ ಓದಿದರೆ ಅಳೆದದ್ದು ಏನನ್ನು ಎಂದು ತಿಳಿಯುತ್ತದೆ. ಬ್ಯಾಂಕ್ ವಹಿವಾಟಿನಂಥ ದತ್ತಾಂಶ ಕೆಲಸದಲ್ಲಿ ಶೇ. 21, ವೆಬ್ ಸರ್ವರ್ ಕೆಲಸಗಳಲ್ಲಿ ಶೇ. 16ರಿಂದ 28. ಇವುಗಳಲ್ಲಿ ಸಾವಿರಾರು ಗಿರಾಕಿಗಳ ಬಿಡಿ ಬಿಡಿ ಬೇಡಿಕೆಗಳಿರುತ್ತವೆ. ಪ್ರತಿಯೊಂದೂ ಮೆಮೊರಿಯ ಯಾವುದೋ ಮೂಲೆಗೆ ಹೋಗಿ ಕಾದು ನಿಲ್ಲುತ್ತದೆ. ಹಿಟ್ಟಿಗಾಗಿ ಕಾಯುವ ಕಲ್ಲಿಗೆ ಹೇಳಿ ಮಾಡಿಸಿದ ಸಂದರ್ಭ. ಲಿನ್‌ಪ್ಯಾಕ್ ಇದರ ತದ್ವಿರುದ್ಧ. ಅದರ ಬಹುಪಾಲು ಕೆಲಸ ದೊಡ್ಡ ಮಾತೃಕೆಗಳ ಗುಣಾಕಾರ. ಬೇಕಾದ ದತ್ತಾಂಶವನ್ನು ಸಣ್ಣ ಸಣ್ಣ ತುಂಡುಗಳಾಗಿ ಕ್ಯಾಶ್‌ಗೆ, ಅಂದರೆ ಪ್ರೊಸೆಸರ್‌ನ ಒಳಗಿನ ಪುಟ್ಟ ಮೆಮೊರಿಗೆ, ತಂದಿಟ್ಟುಕೊಂಡು, ಲೆಕ್ಕದ ಘಟಕಗಳಿಗೆ ಬಿಡುವೇ ಕೊಡದಂತೆ ನುರಿತವರು ಬರೆದ ಪ್ರೋಗ್ರಾಂ. ಅಲ್ಲಿ ಎರಡನೆಯ ಎಳೆ ತುಂಬಬಹುದಾದ ಖಾಲಿ ಜಾಗ ತೀರ ಕಡಿಮೆ.

ಹಾಗಾದರೆ ಕಬ್ರು ಕಳೆದುಕೊಂಡ ಶೇ. 30.6 ಎಲ್ಲಿ ಸೋರಿತು? ಒಂದು ಭಾಗ ಪ್ರತಿ ಪ್ರೊಸೆಸರ್‌ನ ಒಳಗೆ, ಇನ್ನೊಂದು ಭಾಗ 144 ನೋಡ್‌ಗಳು ಪರಸ್ಪರ ಮಾತಾಡುವ ಜಾಲದಲ್ಲಿ. ಪಟ್ಟಿಯ ಸಾಲು ಎಸ್‌ಸಿಐ 3ಡಿ ಎನ್ನುತ್ತದೆ: ನೋಡ್‌ಗಳನ್ನು ಮೂರು ಆಯಾಮದ ಉಂಗುರಗಳಾಗಿ ಜೋಡಿಸಿದ ವಿಶೇಷ ಸಂಪರ್ಕ ವ್ಯವಸ್ಥೆ. ಆ ಜಾಲದಲ್ಲಿ ಸಂದೇಶ ತಲುಪುವವರೆಗೆ ಕಾಯುವ ಹೊತ್ತನ್ನು ಅದೇ ಪ್ರೋಗ್ರಾಂನ ಇನ್ನೊಂದು ಎಳೆ ತುಂಬಲಾರದು. ಅದೂ ಅದೇ ಸಂದೇಶಕ್ಕೇ ಕಾದಿರುತ್ತದೆ. 30.6 ಮತ್ತು 30ರ ಹೊಂದಾಣಿಕೆ ಕಾಕತಾಳೀಯ ಎನ್ನಲು ನನಗೆ ಇಷ್ಟು ಸಾಕಾಯಿತು. ಈ ದಾರಿ ಇಲ್ಲಿಗೆ ಮುಗಿಯಿತು.

ಅದೇ ಜರ್ನಲ್ ಸಂಚಿಕೆಯಲ್ಲಿ ಭಾರೀ ಲೆಕ್ಕಾಚಾರದ ಕೆಲಸಗಳ ಮೇಲೆ ಹೈಪರ್-ಥ್ರೆಡಿಂಗ್‌ನ ಪರಿಣಾಮ ಕುರಿತು ವಿಲಿಯಂ ಮ್ಯಾಗ್ರೊ ಮತ್ತಿತರರ ಪ್ರತ್ಯೇಕ ಪ್ರಬಂಧವೊಂದಿದೆ. ಅಂದರೆ ವೆಬ್ ಸರ್ವರ್‌ನ ಉತ್ತರ ವಿಜ್ಞಾನಿಗಳಿಗೆ ಸಾಲದು ಎಂಬುದು ಇಂಟೆಲ್‌ಗೂ ಮೊದಲ ದಿನದಿಂದ ಗೊತ್ತಿತ್ತು. ಅದೇ ವರ್ಷ ಡೆಲ್ ಕಂಪನಿಯ ಎಂಜಿನಿಯರ್‌ಗಳು ಹೀಗೆ ನೋಡ್‌ಗಳನ್ನು ಜೋಡಿಸಿದ ಕ್ಲಸ್ಟರ್‌ಗಳಲ್ಲಿ ಹೈಪರ್-ಥ್ರೆಡಿಂಗನ್ನು ಪರೀಕ್ಷಿಸಿ ಬರೆದರು: ಪರಿಣಾಮ ಪ್ರೋಗ್ರಾಂನಿಂದ ಪ್ರೋಗ್ರಾಂಗೆ ಬದಲಾಗುತ್ತದೆ, ಯಾವ ಗಣಿತ ಲೈಬ್ರರಿ ಬಳಸುತ್ತೀರಿ ಎಂಬುದರಿಂದಲೂ ಬದಲಾಗುತ್ತದೆ. ಈ ಕೊನೆಯ ಮಾತು ಸಣ್ಣದೆನಿಸಿದರೂ ಮುಖ್ಯ. ಲೈಬ್ರರಿ ಚೆನ್ನಾಗಿದ್ದಷ್ಟೂ ಅದು ಕಲ್ಲನ್ನು ತಾನೇ ತುಂಬಿಸಿರುತ್ತದೆ, ಎಸ್‌ಎಂಟಿಗೆ ಉಳಿಯುವ ಕೆಲಸ ಅಷ್ಟು ಕಡಿಮೆ. ಯಾರಾದರೂ ‘ನನಗೆ ಶೇ. 20 ಲಾಭವಾಯಿತು’ ಎಂದರೆ, ಅದು ಪ್ರೊಸೆಸರ್‌ನ ಗುಣವೋ ಪ್ರೋಗ್ರಾಂನ ಸೋಮಾರಿತನವೋ ಎಂದು ಕೇಳಬೇಕಾಗುತ್ತದೆ.

ಮುಂದೆ ಹೋಗುವ ದಾರಿ ಮುಚ್ಚಿದ್ದರಿಂದ ಹಿಂದಕ್ಕೆ ಹೋದೆ. ಎಸ್‌ಎಂಟಿಗೆ ಹೆಸರು ಕೊಟ್ಟ ಪ್ರಬಂಧ 1995ರದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೀನ್ ಟಲ್ಸನ್, ಸೂಸನ್ ಎಗರ್ಸ್, ಹೆನ್ರಿ ಲೆವಿ ಬರೆದದ್ದು. ಒಂದು ಬಡಿತಕ್ಕೆ ಎಂಟು ಆದೇಶ ನಡೆಸಬಲ್ಲ ಪ್ರೊಸೆಸರ್ ಒಂದೇ ಎಳೆ ಕೊಟ್ಟಾಗ ಸರಾಸರಿ ಒಂದೂವರೆಯನ್ನೂ ನಡೆಸುವುದಿಲ್ಲ ಎಂಬುದು ಅವರ ಮೊದಲ ಅವಲೋಕನ. ಎಂಟರಲ್ಲಿ ಆರೂವರೆ ಜಾಗ ಖಾಲಿ! ಎಸ್‌ಎಂಟಿ ಅಳವಡಿಸಿದರೆ ಒಟ್ಟು ಕೆಲಸ ನಾಲ್ಕು ಪಟ್ಟು ಆಗಬಹುದು ಎಂದು ಅವರು ತೋರಿಸಿದರು. ಮರುವರ್ಷ ಅದೇ ಗುಂಪು, ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಜೋಯೆಲ್ ಎಮರ್ ಮತ್ತು ರೆಬೆಕಾ ಸ್ಟ್ಯಾಮ್ ಅವರನ್ನು ಸೇರಿಸಿಕೊಂಡು, ನಿಜವಾಗಿ ಕಟ್ಟಬಹುದಾದ ವಿನ್ಯಾಸವೊಂದನ್ನು ಮುಂದಿಟ್ಟಿತು. ಆಗ ಬಂದ ಅಂಕಿ ಎರಡೂವರೆ ಪಟ್ಟು. ಆರು ವರ್ಷದ ನಂತರ ಸಿಲಿಕಾನ್‌ನಲ್ಲಿ ಬಂದಾಗ 1.3 ಪಟ್ಟು, ಅದೂ ಅನುಕೂಲದ ಕೆಲಸಗಳಲ್ಲಿ.

ನಾಲ್ಕು, ಎರಡೂವರೆ, ಒಂದು ಪಾಯಿಂಟ್ ಮೂರು. ಕಾಗದದಿಂದ ಯಂತ್ರದ ಹತ್ತಿರ ಬಂದಂತೆ ಅಂಕಿ ಕುಗ್ಗುತ್ತ ಹೋಗಿದೆ. ಮೊದಲಿನವರು ಉತ್ಪ್ರೇಕ್ಷೆ ಮಾಡಿದರು ಎಂದು ತೀರ್ಪು ಕೊಡುವುದು ಸುಲಭ, ಆದರೆ ಅನ್ಯಾಯ. ಅವರದು ಸಿಮ್ಯುಲೇಟರ್‌ನಲ್ಲಿ ನಡೆಸಿದ ಎಂಟು ಎಳೆಗಳ, ಎಂಟು ಆದೇಶಗಳ ಯಂತ್ರ. ಇಂಟೆಲ್‌ನದು ಎರಡೇ ಎಳೆಗಳ, ಅದಕ್ಕಿಂತ ಕಿರಿದಾದ ಪ್ರೊಸೆಸರ್. ಇನ್ನೊಂದು ವ್ಯತ್ಯಾಸ ನನ್ನ ಪ್ರಶ್ನೆಗೆ ಇನ್ನೂ ಹತ್ತಿರದ್ದು. ಟಲ್ಸನ್ ಗುಂಪು ಎಳೆಗಳಿಗೆ ಕೊಟ್ಟದ್ದು ಬೇರೆ ಬೇರೆ ಪ್ರೋಗ್ರಾಂಗಳನ್ನು, ಅಳೆದದ್ದು ಅವೆಲ್ಲ ಸೇರಿ ಮುಗಿಸಿದ ಕೆಲಸವನ್ನು. ಒಂದು ಪ್ರೋಗ್ರಾಂ ದಶಮಾಂಶ ಘಟಕವನ್ನು ದುಡಿಸುವಾಗ ಇನ್ನೊಂದು ಪೂರ್ಣಾಂಕ ಘಟಕವನ್ನು ದುಡಿಸಬಹುದು. ವೈಜ್ಞಾನಿಕ ಲೆಕ್ಕದಲ್ಲಿ ಎಲ್ಲ ಎಳೆಗಳೂ ಒಂದೇ ಪ್ರೋಗ್ರಾಂನವು. ಒಂದೇ ಹೊತ್ತಿಗೆ, ಒಂದೇ ಘಟಕಕ್ಕೆ, ಒಂದೇ ಹಸಿವಿನಿಂದ ಬರುತ್ತವೆ. ವಿಜ್ಞಾನಿಗೆ ಬೇಕಾದ್ದು ತನ್ನ ಒಂದು ಲೆಕ್ಕ ಎಷ್ಟು ಬೇಗ ಮುಗಿಯಿತು ಎಂಬುದು.

ಈಗ ಕಬ್ರುವಿನ ನಿಜವಾದ ಕೆಲಸ ನೋಡೋಣ. ಅದನ್ನು ಕಟ್ಟಿದ್ದು ಲಿನ್‌ಪ್ಯಾಕ್ ಓಡಿಸಲು ಅಲ್ಲ. ಎನ್. ಡಿ. ಹರಿ ದಾಸ್ ಅವರ ಮುಂದಾಳತ್ವದಲ್ಲಿ, ಪರಮಾಣು ಬೀಜದೊಳಗಿನ ಕ್ವಾರ್ಕ್‌ಗಳನ್ನು ಬಂಧಿಸುವ ಬಲವನ್ನು ಜಾಲರಿಯ ಮೇಲೆ ಲೆಕ್ಕ ಹಾಕುವುದು ಉದ್ದೇಶ. ಅವರೂ ಪುಷನ್ ಮಜುಂದಾರ್ ಅವರೂ 2006ರಲ್ಲಿ ಪ್ರಕಟಿಸಿದ ಪ್ರಬಂಧ ಈ ಬಲರೇಖೆಗಳ ನಳಿಗೆ ತಂತಿಯಂತೆ ವರ್ತಿಸುತ್ತದೆಯೇ ಎಂಬುದನ್ನು ಕುರಿತದ್ದು. ಅಂಥ ಲೆಕ್ಕದ ಮೂಲ ಘಟಕ ಒಂದು ಪುಟ್ಟ ಮಾತೃಕೆ: ಮೂರು ಸಾಲು, ಮೂರು ಕಂಬ, ಪ್ರತಿ ಮನೆಯಲ್ಲೂ ಒಂದು ಸಂಕೀರ್ಣ ಸಂಖ್ಯೆ. ಇದನ್ನು ಕಾಗದದ ಮೇಲೆ ಯಾರು ಬೇಕಾದರೂ ಎಣಿಸಬಹುದು. ಎರಡು ಮಾತೃಕೆಗಳ ಗುಣಾಕಾರಕ್ಕೆ 27 ಸಂಕೀರ್ಣ ಗುಣಾಕಾರ, 18 ಸಂಕೀರ್ಣ ಸಂಕಲನ. ಸಾಮಾನ್ಯ ಲೆಕ್ಕಗಳಾಗಿ ಬಿಡಿಸಿದರೆ 162 ಮತ್ತು 36, ಒಟ್ಟು 198. ಪೂರ್ಣ ನಿಖರತೆಯಲ್ಲಿ ಒಂದು ಮಾತೃಕೆ 144 ಬೈಟ್. ಎರಡನ್ನು ತಂದು ಒಂದನ್ನು ಹಿಂದಕ್ಕೆ ಬರೆದರೆ 432 ಬೈಟ್ ಓಡಾಟ.

ಕಬ್ರುವಿನ ಒಂದು ನೋಡ್‌ನ ಗರಿಷ್ಠ 9.6 ಗಿಗಾಫ್ಲಾಪ್ಸ್. ಎಲ್ಲ ಮಾತೃಕೆಗಳೂ ಮೆಮೊರಿಯಿಂದಲೇ ಬರಬೇಕಾದರೆ, ಆ ವೇಗಕ್ಕೆ ಸೆಕೆಂಡಿಗೆ ಸುಮಾರು 21 ಗಿಗಾಬೈಟ್ ಹರಿಯಬೇಕು. ಆ ಪೀಳಿಗೆಯ ಜೋಡಿ-ಝಿಯಾನ್ ಫಲಕಗಳಲ್ಲಿ ಎರಡು ಪ್ರೊಸೆಸರ್‌ಗಳಿಗೂ ಸೇರಿ ಮೆಮೊರಿಗೆ ಒಂದೇ ದಾರಿ, ಒಂದೇ ಬಸ್. ಲಭ್ಯವಿದ್ದ ವೇಗದ ಬಸ್ಸನ್ನೇ, 533 ಮೆಗಾಹರ್ಟ್ಸ್‌ನದನ್ನು, ಹಿಡಿದರೂ ಸೆಕೆಂಡಿಗೆ 4.3 ಗಿಗಾಬೈಟ್ ಮೀರುವುದಿಲ್ಲ. ಬೇಕಾದ್ದರ ಐದನೆಯ ಒಂದು ಭಾಗ. ರುಬ್ಬುವ ಯಂತ್ರ ಇಷ್ಟು ನಿಧಾನವಾಗಿರುವಾಗ ಎರಡನೆಯ ಎಳೆ ಏನು ಮಾಡೀತು? ಕ್ಯಾಶ್ ಇದೆಯಲ್ಲ ಎನ್ನಬಹುದು. ಇದೆ, ಆದರೆ ಆ ಝಿಯಾನ್‌ನ ಅತಿ ಹತ್ತಿರದ ಕ್ಯಾಶ್ 8 ಕಿಲೋಬೈಟ್. ಅದರಲ್ಲಿ 56 ಮಾತೃಕೆ ಹಿಡಿಯುತ್ತವೆ. ಎರಡು ಎಳೆ ಓಡಿಸಿದರೆ ತಲಾ 28. ಎಸ್‌ಎಂಟಿ ಕ್ಯಾಶನ್ನು ದೊಡ್ಡದು ಮಾಡುವುದಿಲ್ಲ, ಇದ್ದದ್ದನ್ನೇ ಪಾಲು ಹಾಕುತ್ತದೆ.

ಇದು ಅನುಮಾನ ಪ್ರಮಾಣ, ಪ್ರತ್ಯಕ್ಷವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಒಂದೇ ಮಾತೃಕೆಯನ್ನು ಹಲವು ಬಾರಿ ಬಳಸುವಂತೆ ಪ್ರೋಗ್ರಾಂ ಬರೆದರೆ ಮೆಮೊರಿಯ ಓಡಾಟ ಇಳಿಯುತ್ತದೆ. ಜಾಲರಿಯ ತುಂಡು ಚಿಕ್ಕದಾಗಿದ್ದರೆ ಅದು 512 ಕಿಲೋಬೈಟ್‌ನ ಎರಡನೆಯ ಕ್ಯಾಶ್‌ನಲ್ಲಿ ಕೂರಬಹುದು. ಅದೂ ಅಲ್ಲದೆ ಆ ಕಾಲದ ಲಿನಕ್ಸ್‌ನ 2.4ನೆಯ ಆವೃತ್ತಿ ಎರಡು ಎಳೆಗಳನ್ನು ಎರಡು ಪೂರ್ಣ ಪ್ರೊಸೆಸರ್‌ಗಳೆಂದೇ ಎಣಿಸುತ್ತಿತ್ತು. ಎರಡು ಕೆಲಸಗಳನ್ನು ಒಂದೇ ಚಿಪ್ಪಿಗೆ ಹಾಕಿ ಪಕ್ಕದ ಚಿಪ್ಪನ್ನು ಖಾಲಿ ಬಿಡುವ ಅಪಾಯವಿತ್ತು. ಆ ದಿನಗಳಲ್ಲಿ ಹೈಪರ್-ಥ್ರೆಡಿಂಗ್‌ನಿಂದ ನಿಧಾನವಾಯಿತು ಎಂದು ಯಾರಾದರೂ ಬರೆದಿದ್ದರೆ, ತಪ್ಪು ಚಿಪ್ಪಿನದೋ ಆಪರೇಟಿಂಗ್ ಸಿಸ್ಟಂನದೋ ಎಂದು ಬೇರ್ಪಡಿಸದೆ ಆ ಸಾಕ್ಷ್ಯವನ್ನು ಸ್ವೀಕರಿಸುವಂತಿಲ್ಲ.

ತರಮಣಿಯಿಂದ ಐಐಟಿ ಮದ್ರಾಸ್ ದೂರವೇನಲ್ಲ. ಅಲ್ಲಿದ್ದ ವಿರ್ಗೊ ಎಂಬ ಕ್ಲಸ್ಟರ್ ಕೆಲವು ಪೀಳಿಗೆ ಈಚಿನದು. 292 ನೋಡ್, ನೋಡ್‌ಗೆ 16 ಕೋರ್ (ಕೋರ್ ಎಂದರೆ ಒಂದೇ ಚಿಪ್ಪಿನೊಳಗಿನ ಒಂದು ಪೂರ್ಣ ಪ್ರೊಸೆಸರ್), ಒಟ್ಟು 4672. ಪ್ರೊಸೆಸರ್ ಇಂಟೆಲ್ ಝಿಯಾನ್ ಇ5-2670, 2012ರಲ್ಲಿ ಬಂದ ಸ್ಯಾಂಡಿ ಬ್ರಿಜ್ ಕುಟುಂಬದ್ದು. ಪ್ರತಿ ಕೋರ್‌ಗೂ ಎರಡು ಎಳೆ. ಬಡಿತಕ್ಕೆ ಎಂಟು ಲೆಕ್ಕದಂತೆ ಗರಿಷ್ಠ 97 ಟೆರಾಫ್ಲಾಪ್ಸ್ ಬರುತ್ತದೆ. ಲಿನ್‌ಪ್ಯಾಕ್‌ನಲ್ಲಿ ದಕ್ಕಿದ್ದು 91ರ ಆಸುಪಾಸು, ಅಂದರೆ ಸುಮಾರು ಶೇ. 94. ಕಬ್ರುವಿನ 69ರಿಂದ ವಿರ್ಗೊದ 94ಕ್ಕೆ ಏರಿದ್ದು ಉತ್ತಮ ಜಾಲ, ಪ್ರೊಸೆಸರ್‌ಗೇ ಅಂಟಿಕೊಂಡ ಮೆಮೊರಿ ದಾರಿ, ಉತ್ತಮ ಲೈಬ್ರರಿಗಳಿಂದ. ಅಷ್ಟಾದ ಮೇಲೆ ಉಳಿದ ಖಾಲಿ ಜಾಗ ಶೇ. 6. ಲಿನ್‌ಪ್ಯಾಕ್ ಮುಂದಿಟ್ಟುಕೊಂಡು ಎಸ್‌ಎಂಟಿಯ ಪ್ರಯೋಜನ ಕೇಳುವುದೇ ವ್ಯರ್ಥ ಎಂದು ಇಲ್ಲಿ ನನಗೆ ಖಚಿತವಾಯಿತು.

ಬೇರೆ ಅಳತೆಗೋಲು ಇದೆ. ಲಿನ್‌ಪ್ಯಾಕ್ ನಿಜವಾದ ವಿಜ್ಞಾನವನ್ನು ಪ್ರತಿನಿಧಿಸುವುದಿಲ್ಲ ಎಂದು ಅದರ ಜನಕರಲ್ಲೊಬ್ಬರಾದ ಜಾಕ್ ಡೊಂಗಾರಾ ಅವರೇ ಮೈಕೆಲ್ ಹೆರೂ ಜೊತೆಗೂಡಿ ಎಚ್‌ಪಿಸಿಜಿ ಎಂಬ ಇನ್ನೊಂದು ಪರೀಕ್ಷೆ ರೂಪಿಸಿದರು. ಜಪಾನಿನ ಫುಗಾಕು ಲಿನ್‌ಪ್ಯಾಕ್‌ನಲ್ಲಿ 442 ಪೆಟಾಫ್ಲಾಪ್ಸ್ ತೋರಿಸಿದ ಯಂತ್ರ. ಎಚ್‌ಪಿಸಿಜಿಯಲ್ಲಿ ಅದಕ್ಕೆ ಸಿಕ್ಕಿದ್ದು 16. ಗರಿಷ್ಠದ ಶೇ. 3! ಆದರೂ ಆ ಪರೀಕ್ಷೆಯಲ್ಲಿ ವರ್ಷಗಟ್ಟಲೆ ಅದೇ ಮೊದಲಾಗಿತ್ತು. ಹಾಗಾದರೆ ಶೇ. 97 ಖಾಲಿ, ಎಸ್‌ಎಂಟಿಗೆ ಹಬ್ಬವಲ್ಲವೇ? ಫುಗಾಕುವಿನ ಪ್ರೊಸೆಸರ್‌ನಲ್ಲಿ ಎಸ್‌ಎಂಟಿಯೇ ಇಲ್ಲ. ವಿನ್ಯಾಸಕಾರರು ಎಳೆ ಹೆಚ್ಚಿಸುವ ಬದಲು ಸೆಕೆಂಡಿಗೆ 1024 ಗಿಗಾಬೈಟ್ ಹರಿಸುವ ಮೆಮೊರಿಯನ್ನು ಚಿಪ್ಪಿನ ಪಕ್ಕದಲ್ಲೇ ಕೂರಿಸಿದರು.

ಇಷ್ಟರಿಂದ ಎಸ್‌ಎಂಟಿ ವಿರುದ್ಧ ತೀರ್ಪು ಬರೆಯಬಹುದಿತ್ತು, ಇನ್ನೊಂದು ದಾಖಲೆ ಅಡ್ಡ ಬರದಿದ್ದರೆ. 2011ರ ಎರಡೂ ಟಾಪ್500 ಪಟ್ಟಿಗಳಲ್ಲಿ ಮೊದಲಿದ್ದದ್ದು ಜಪಾನಿನ ಕೆ ಕಂಪ್ಯೂಟರ್. ಅದರ ಪ್ರೊಸೆಸರ್‌ನ ಹಿಂದಿನ ಪೀಳಿಗೆಯಲ್ಲಿದ್ದ ಎಸ್‌ಎಂಟಿಯನ್ನು ಫುಜಿತ್ಸು ತೆಗೆದುಹಾಕಿ, ಪ್ರತಿ ಕೋರ್‌ಗೆ ಲೆಕ್ಕದ ಸಂಖ್ಯೆಗಳನ್ನು ಇಟ್ಟುಕೊಳ್ಳಲು 256 ದಶಮಾಂಶ ರಿಜಿಸ್ಟರ್ ಕೊಟ್ಟಿತ್ತು. ಎರಡು ಎಳೆ ಇದ್ದಿದ್ದರೆ ಆ ದಾಸ್ತಾನು ಇಮ್ಮಡಿ ಬೇಕಾಗುತ್ತಿತ್ತು. 2012ರ ಜೂನ್‌ನಲ್ಲಿ ಅದನ್ನು ಕೆಳಗಿಳಿಸಿದ್ದು ಅಮೆರಿಕದ ಸಿಕ್ವೊಯಾ, ಐಬಿಎಂನ ಬ್ಲೂ ಜೀನ್/ಕ್ಯೂ ಯಂತ್ರ. ಅದರ ಪ್ರತಿ ಕೋರ್‌ಗೆ ನಾಲ್ಕು ಎಳೆ! ಒಂದರ ಹಿಂದೆ ಒಂದರಂತೆ ಜಗತ್ತಿನ ಮೊದಲ ಸ್ಥಾನಕ್ಕೆ ಬಂದ ಎರಡು ಯಂತ್ರಗಳು ಈ ಒಂದು ಪ್ರಶ್ನೆಗೆ ಎದುರುಬದುರು ಉತ್ತರ ಕೊಟ್ಟವು. ಬಿಡಿಸಿ ನೋಡಿದರೆ ಇಲ್ಲೂ ವಿರೋಧ ಕರಗುತ್ತದೆ. ಬ್ಲೂ ಜೀನ್‌ನ ಕೋರ್ ಸರಳವಾದದ್ದು, ಆದೇಶಗಳನ್ನು ಬಂದ ಸಾಲಿನಲ್ಲೇ ನಡೆಸುವಂಥದ್ದು. ಒಂದು ಎಳೆ ಬಡಿತಕ್ಕೆ ಒಂದೇ ಆದೇಶ ಕೊಡಬಲ್ಲದು, ಕೋರ್ ಮಾತ್ರ ಎರಡನ್ನು ಸ್ವೀಕರಿಸಬಲ್ಲದು. ಅಲ್ಲಿ ಎರಡನೆಯ ಎಳೆ ಹೆಚ್ಚುವರಿ ಸೌಲಭ್ಯವಲ್ಲ. ಅದಿಲ್ಲದೆ ಯಂತ್ರದ ಅರ್ಧ ಬಾಗಿಲು ತೆರೆಯುವುದೇ ಇಲ್ಲ.

ನನಗೆ ಬೇಕಿದ್ದ ತಿರುವು ಬೆಂಗಳೂರಿನ ಒಂದು ಸಮ್ಮೇಳನದ ಕಡತದಲ್ಲಿ ಸಿಕ್ಕಿತು. ಹೈ ಪರ್ಫಾರ್ಮೆನ್ಸ್ ಕಂಪ್ಯೂಟಿಂಗ್ ಕುರಿತ ಹೈಪಿಸಿ ಸಮ್ಮೇಳನ 1998ರಲ್ಲಿ ಚೆನ್ನೈಗೂ ಬಂದಿತ್ತು. 2011ರ ಡಿಸೆಂಬರಿನಲ್ಲಿ ನಡೆದದ್ದು ಬೆಂಗಳೂರಿನಲ್ಲಿ. ಅಲ್ಲಿ ನಾಸಾದ ಸುಭಾಷ್ ಸೈನಿ ಮತ್ತು ಸಂಗಡಿಗರು ಮಂಡಿಸಿದ ಪ್ರಬಂಧ ನನ್ನ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿದೆ. ನಾಸಾ ವಿಜ್ಞಾನಿಗಳು ದಿನನಿತ್ಯ ಬಳಸುವ, ಗಾಳಿ-ನೀರಿನ ಹರಿವನ್ನು ಲೆಕ್ಕ ಹಾಕುವ ನಾಲ್ಕು ಪೂರ್ಣ ಪ್ರಮಾಣದ ಪ್ರೋಗ್ರಾಂಗಳನ್ನು ಅವರು ಎರಡೂ ಬಗೆಯಲ್ಲಿ ಓಡಿಸಿದರು. ಓಡಿದ ಸಮಯವನ್ನು ಮಾತ್ರ ನೋಡಿ ಕೈಬಿಡಲಿಲ್ಲ. ಪ್ರೊಸೆಸರ್‌ನ ಒಳಗೇ ಇರುವ ಎಣಿಕೆ ಯಂತ್ರಗಳನ್ನು ಓದಿದರು: ಎಷ್ಟು ಆದೇಶ ಮುಗಿಯಿತು, ಎಷ್ಟು ಬಡಿತ ಹಿಡಿಯಿತು, ಎರಡನೆಯ ಮತ್ತು ಮೂರನೆಯ ಕ್ಯಾಶ್‌ಗಳಲ್ಲಿ ದತ್ತಾಂಶ ಎಷ್ಟು ಬಾರಿ ಸಿಕ್ಕಿತು, ಎಷ್ಟು ಬಾರಿ ತಪ್ಪಿತು. ಅವರ ಕಾಣ್ಕೆ: ಹೈಪರ್-ಥ್ರೆಡಿಂಗ್ ಸಾಮಾನ್ಯವಾಗಿ ಪ್ರೊಸೆಸರ್‌ನ ಬಳಕೆಯನ್ನು ಹೆಚ್ಚಿಸುತ್ತದೆ; ಆದರೆ ಆ ಹೆಚ್ಚಳ ಪ್ರೋಗ್ರಾಂ ಬೇಗ ಮುಗಿಯುವುದಾಗಿ ಪರಿವರ್ತನೆಯಾಗಲೇಬೇಕೆಂದಿಲ್ಲ.

ಈ ಒಂದು ಬೇರ್ಪಡಿಕೆಯಿಂದ ಹಳೆಯ ಕಡತಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಲಾಭವಿದೆ ಎಂದವರು ಯಂತ್ರ ಎಷ್ಟು ದುಡಿಯುತ್ತಿದೆ ಎಂದು ನೋಡುತ್ತಿದ್ದರು, ಇಲ್ಲ ಎಂದವರು ಗಡಿಯಾರ ನೋಡುತ್ತಿದ್ದರು. ಎರಡು ಎಳೆಗಳು ಪರಸ್ಪರರ ದತ್ತಾಂಶವನ್ನು ಕ್ಯಾಶ್‌ನಿಂದ ಹೊರಗೆ ತಳ್ಳಿ, ಮತ್ತೆ ತರಿಸಿಕೊಳ್ಳುತ್ತಿದ್ದರೂ ಪ್ರೊಸೆಸರ್ ಬಿಡುವಿಲ್ಲದೆ ಇದ್ದಂತೆಯೇ ಕಾಣುತ್ತದೆ. ಪ್ರಕ್ರಿಯೆಗಳ ಸಂಖ್ಯೆ ಇಮ್ಮಡಿಯಾದಾಗ ಅವು ಪರಸ್ಪರ ಕಳಿಸಬೇಕಾದ ಸಂದೇಶಗಳೂ ಹೆಚ್ಚುತ್ತವೆ. ಆ ಕೆಲಸವೂ ಕೆಲಸವೇ, ಆದರೆ ವಿಜ್ಞಾನಕ್ಕೆ ಬೇಕಾದ್ದಲ್ಲ. ಶೇ. 100 ಬಳಕೆ ಎಂದು ತೋರಿಸುವ ಪರದೆಯನ್ನು ನಂಬಿ ಕೂರುವವರಿಗೆ ಈ ಪ್ರಬಂಧ ಓದಲು ಕೊಡಬೇಕು.

ಹುಡುಕಾಟ ಮುಗಿಯಿತು ಎಂದುಕೊಂಡಾಗ 2016ರ ಇನ್ನೊಂದು ದಾಖಲೆ ಕೈಗೆ ಬಂತು. ಅದರಲ್ಲಿರುವ ಅಂಕಿ 2.4 ಪಟ್ಟು. ಇಂಟೆಲ್‌ನ ಜಾಹೀರಾತೂ ಹೇಳದ ಅಂಕಿ ಅದು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದ ಎಡ್ಗರ್ ಲಿಯೋನ್, ಇಯಾನ್ ಕಾರ್ಲಿನ್, ಆಡಂ ಮೂಡಿ ಬರೆದದ್ದು. ಯಂತ್ರ ಸ್ಯಾಂಡಿ ಬ್ರಿಜ್ ಕುಟುಂಬದ ಪ್ರೊಸೆಸರ್‌ಗಳ ಸಾಧಾರಣ ಕ್ಲಸ್ಟರ್, ವಿರ್ಗೊದ್ದೂ ಅದೇ ಕುಟುಂಬ. ಅವರು ಮಾಡಿದ್ದು ಉಪಾಯದ ಕೆಲಸ. ಎರಡನೆಯ ಎಳೆಗೆ ವಿಜ್ಞಾನದ ಕೆಲಸವನ್ನೇ ಕೊಡಲಿಲ್ಲ. ಲಿನಕ್ಸ್‌ನ ಹಿನ್ನೆಲೆ ಸೇವೆಗಳು ಆಗಾಗ ಎದ್ದು ಒಂದು ಕೋರ್ ಕಸಿದುಕೊಳ್ಳುತ್ತವೆ. ಸಾವಿರಾರು ಪ್ರಕ್ರಿಯೆಗಳು ಹೆಜ್ಜೆ ಹೆಜ್ಜೆಗೂ ಒಂದಕ್ಕೊಂದು ಕಾಯುವ ಲೆಕ್ಕದಲ್ಲಿ ಯಾವುದೋ ಒಂದು ಕೋರ್ ತಡವಾದರೂ ಎಲ್ಲರೂ ತಡ. ಎರಡನೆಯ ಎಳೆಯನ್ನು ಖಾಲಿ ಬಿಟ್ಟಾಗ ಆ ಸೇವೆಗಳು ಅಲ್ಲಿ ಹೋಗಿ ತಮ್ಮ ಕೆಲಸ ಮುಗಿಸಿಕೊಂಡವು, ಮುಖ್ಯ ಎಳೆಗೆ ತಡೆಯಾಗಲಿಲ್ಲ.

ಇದನ್ನು ತೂಗಿ ನೋಡಬೇಕು. 2.4 ಎಂಬುದು ಗರಿಷ್ಠ ಅಂಕಿ, 16,384 ಪ್ರಕ್ರಿಯೆಗಳ ಮಟ್ಟದಲ್ಲಿ ಸಿಕ್ಕದ್ದು. ವಿರ್ಗೊದಲ್ಲಿದ್ದ ಕೋರ್‌ಗಳೇ 4672, ಒಬ್ಬ ವಿದ್ಯಾರ್ಥಿಗೆ ಸಿಗುತ್ತಿದ್ದದ್ದು ಅದರ ಸಣ್ಣ ಪಾಲು. ಕಾಯುವವರು ಕಡಿಮೆಯಾದಷ್ಟೂ ಒಬ್ಬರ ತಡದ ಬೆಲೆಯೂ ಕಡಿಮೆ. ಹಾಗಾಗಿ ಲಿವರ್‌ಮೋರ್‌ನ ಅಂಕಿಯನ್ನು ಚೆನ್ನೈಗೆ ಹೊತ್ತು ತರುವಂತಿಲ್ಲ. ತರಬಹುದಾದದ್ದು ವಿಧಾನ. ಅಲ್ಲಿಯವರೆಗೆ ನಾನು ಓದಿದ ಎಲ್ಲರೂ ಎಸ್‌ಎಂಟಿಯನ್ನು ಚಾಲೂ ಅಥವಾ ಬಂದ್ ಎಂಬ ಎರಡೇ ಸ್ಥಿತಿಗಳಲ್ಲಿ ಹೋಲಿಸಿದ್ದರು. ಚಾಲೂ ಇಟ್ಟು ಬಳಸದಿರುವುದು ಎಂಬ ಮೂರನೆಯ ಸ್ಥಿತಿ ಇದೆ, ಭಾರೀ ಲೆಕ್ಕಕ್ಕೆ ಅದೇ ಹೆಚ್ಚು ಲಾಭದ್ದಾಗಬಹುದು.

ಈಚಿನ ವಿಚಾರಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 2018 ಮತ್ತು 2019ರಲ್ಲಿ ಬಯಲಾದ ಭದ್ರತಾ ದೋಷಗಳು ಒಂದು ಎಳೆಯ ಗುಟ್ಟನ್ನು ಪಕ್ಕದ ಎಳೆ ಕದ್ದು ನೋಡಬಹುದೆಂದು ತೋರಿಸಿದವು. ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ 2018ರಲ್ಲೇ ಎಸ್‌ಎಂಟಿಯನ್ನು ತಾನಾಗಿಯೇ ಬಂದ್ ಮಾಡಿತು. ಒಂದು ನೋಡನ್ನು ಒಬ್ಬರಿಗೇ ಕೊಡುವ ಸಂಶೋಧನಾ ಕ್ಲಸ್ಟರ್‌ಗಳಿಗೆ ಈ ಭಯ ಅಷ್ಟಿಲ್ಲ. 2024ರಲ್ಲಿ ಇಂಟೆಲ್ ತನ್ನ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳ ಹೊಸ ಪ್ರೊಸೆಸರ್‌ಗಳಿಂದ ಹೈಪರ್-ಥ್ರೆಡಿಂಗ್ ಕೈಬಿಟ್ಟಿತು, ದೊಡ್ಡ ಸರ್ವರ್ ಪ್ರೊಸೆಸರ್‌ಗಳಲ್ಲಿ ಉಳಿಸಿಕೊಂಡಿತು. ಎಎಂಡಿ ಸರ್ವರ್‌ಗಳಲ್ಲಿ ಮುಂದುವರಿಸಿತು. ಐಐಟಿ ಮದ್ರಾಸಿನಲ್ಲೇ ವಿ. ಕಾಮಕೋಟಿ ಅವರ ಗುಂಪು ಕಟ್ಟಿದ ಶಕ್ತಿ ಪ್ರೊಸೆಸರ್ ಸರಣಿಯಲ್ಲಿ ಐ-ವರ್ಗದ ಪರಿಚಯ ಮಲ್ಟಿಥ್ರೆಡಿಂಗನ್ನು ಲಕ್ಷಣಗಳಲ್ಲೊಂದಾಗಿ ಹೆಸರಿಸುತ್ತದೆ. ಹಾಗೆಂದ ಮೇಲೆ ಚೆನ್ನೈನಲ್ಲಿ ಈ ಪ್ರಶ್ನೆಯನ್ನು ಇನ್ನು ಮುಂದೆ ಕೊಳ್ಳುವವರಷ್ಟೇ ಅಲ್ಲ, ಕಟ್ಟುವವರೂ ಕೇಳಿಕೊಳ್ಳಬೇಕು.

ನನ್ನ ತೀರ್ಪು ಹೀಗೆ. ಪ್ರೋಗ್ರಾಂ ಮೆಮೊರಿಯ ದೂರದ ಮೂಲೆಗಳಿಗೆ ಹೋಗಿ ಕಾಯುವಂಥದ್ದಾಗಿದ್ದರೆ ಎಸ್‌ಎಂಟಿಯಿಂದ ಲಾಭವಿದೆ. ಲೆಕ್ಕದ ಘಟಕಗಳು ಮೊದಲೇ ತುಂಬಿದ್ದರೆ, ಇಲ್ಲವೇ ಮೆಮೊರಿಯ ದಾರಿಯೇ ತುಂಬಿದ್ದರೆ ಇಲ್ಲ, ನಷ್ಟವೂ ಆದೀತು. ಬಹುಪಾಲು ಭಾರೀ ವೈಜ್ಞಾನಿಕ ಲೆಕ್ಕಗಳು ಕೊನೆಯ ಎರಡು ಬಗೆಗೆ ಸೇರಿದವು ಎಂಬುದು ನಾನು ಓದಿದ ಕಡತಗಳಿಂದ ಹೊರಡುವ ಅಂದಾಜು. ಇದನ್ನು ಬದಲಿಸಬಲ್ಲದ್ದು ಹೊಸ ಅಳತೆಗಳು ಮಾತ್ರ.

ಅದಕ್ಕಾಗಿ ಕ್ಲಸ್ಟರ್ ನೋಡಿಕೊಳ್ಳುವವರಲ್ಲಿ, ಅಂಥ ಯಂತ್ರಗಳ ಮೇಲೆ ಪ್ರಬಂಧ ಬರೆಯುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಲಿನಕ್ಸ್‌ನಲ್ಲಿ ಎಲ್‌ಎಸ್‌ಸಿಪಿಯು ಎಂಬ ಆಜ್ಞೆ ಕೊಟ್ಟರೆ ಕೋರ್‌ಗೆ ಎಷ್ಟು ಥ್ರೆಡ್ ಎಂಬ ಸಾಲು ಕಾಣುತ್ತದೆ. ಕ್ರೇ ಯಂತ್ರಗಳಲ್ಲಿ, ಬೆಂಗಳೂರಿನ ಐಐಎಸ್‌ಸಿಯ ಸಹಸ್ರಟಿ ಆ ಬಗೆಯದಾಗಿತ್ತು, ಕೆಲಸ ಸಲ್ಲಿಸುವ ಆಜ್ಞೆಯಲ್ಲೇ ಒಂದು ಎಳೆಯೋ ಎರಡೋ ಎಂದು ಆರಿಸಬಹುದು. ನಿಮ್ಮ ಫಲಿತಾಂಶದ ಕೋಷ್ಟಕದ ಕೆಳಗೆ ನಾಲ್ಕು ಸಂಗತಿ ಬರೆದಿಡಿ: ಎಸ್‌ಎಂಟಿ ಚಾಲೂ ಇತ್ತೇ, ಎರಡನೆಯ ಎಳೆಗೆ ಕೆಲಸ ಕೊಟ್ಟಿದ್ದಿರೇ, ಯಾವ ಗಣಿತ ಲೈಬ್ರರಿ ಬಳಸಿದಿರಿ, ಅಳೆದದ್ದು ಬಳಕೆಯನ್ನೋ ಗಡಿಯಾರವನ್ನೋ.